ಬಿದರಿ ಕಾರ್ಖಾನೆಯ ವೆಬ್‌ಸೈಟು: ಸರಳ ಥೀಮಿನಲ್ಲಿ ಕನ್ನಡವೂ ಉರ್ದುವೂ

ಪ್ರಶ್ನೆ: ನಮ್ಮ ಕಾಕಾ ಬೀದರ್‌ನ ಹಳೇ ಊರಿನಲ್ಲಿ ಬಿದರಿ ಕೆಲಸದ ಸಣ್ಣ ಕಾರ್ಖಾನೆ ಇಟ್ಟುಕೊಂಡಿದ್ದಾರೆ. ಅವರ ಕೆಲಸ ತೋರಿಸಲು ಕನ್ನಡ, ಉರ್ದು ಎರಡರಲ್ಲೂ ಹತ್ತು-ಹದಿನೈದು ಪುಟದ ವೆಬ್‌ಸೈಟು ಮಾಡುತ್ತಿದ್ದೇನೆ. ಬರಹದ ಫೈಲುಗಳಿಂದ ಸೈಟು ಕಟ್ಟಿಕೊಡುವ ಹ್ಯೂಗೊ ತಂತ್ರಾಂಶ ಹಾಕಿಕೊಂಡು ಪೇಪರ್‌ಮಾಡ್ ಥೀಮ್ ಆರಿಸಿದೆ. ಇಂಗ್ಲಿಷ್ ಡೆಮೊದಲ್ಲಿ ಚೆಂದ ಕಂಡದ್ದು ಕನ್ನಡ ಹಾಕಿದ ಕೂಡಲೇ ಕೆಟ್ಟಿತು. ಶೀರ್ಷಿಕೆಯ ಸಾಲುಗಳು ಒಂದಕ್ಕೊಂದು ತಾಗುತ್ತವೆ, ಒತ್ತಕ್ಷರದ ತುದಿ ಕತ್ತರಿಸಿ ಹೋಗುತ್ತದೆ. ಥೀಮಿನ ಫೈಲಿನಲ್ಲೇ ತಿದ್ದಿದೆ; ಥೀಮಿನ ಫೋಲ್ಡರ್ ಅಳಿಸಿ ಹೊಸದು ಇಳಿಸಿಕೊಂಡಾಗ ತಿದ್ದಿದ್ದೆಲ್ಲ ಹೋಯಿತು. ಗಿಟ್‌ಹಬ್‌ಗೆ ಏರಿಸಿದರೆ ಬರೀ ಖಾಲಿ ಪುಟ. ಪ್ರೆಸ್ಸಿನವರು ಕೊಟ್ಟ ಕರಪತ್ರದ ಫೈಲಿನಿಂದ ಬರಹ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತವೆ. ಬೇರೆ ಥೀಮ್ ಹುಡುಕಲೇ?

ಉತ್ತರ: ಥೀಮ್ ಬದಲಿಸಬೇಡಿ. ಇನ್ನೊಂದು ಸರಳ ಥೀಮ್ ಹಿಡಿದರೂ ಇದೇ ತೊಂದರೆಗಳು ಅಲ್ಲೂ ಎದುರಾಗುತ್ತವೆ. ಇಂಥ ಥೀಮುಗಳಲ್ಲಿ ಅಲಂಕಾರವೆಂಬುದೇ ಇರುವುದಿಲ್ಲ. ಅಕ್ಷರದ ಗಾತ್ರ, ಸಾಲುಗಳ ನಡುವಿನ ಅಂತರ, ಅಂಚಿನ ಖಾಲಿ ಜಾಗ, ಪುಟದ ಚೆಲುವೆಲ್ಲ ಈ ಅಳತೆಗಳ ಮೇಲೇ ನಿಂತಿರುತ್ತದೆ. ಆ ಅಳತೆಗಳನ್ನು ಮಾಡಿದವರು ಕಣ್ಣ ಮುಂದೆ ಇಂಗ್ಲಿಷ್ ಅಕ್ಷರ ಇಟ್ಟುಕೊಂಡು ಮಾಡಿರುತ್ತಾರೆ. ಕನ್ನಡಕ್ಕೆ ಒಪ್ಪುವ ಅಳತೆಯನ್ನು ನಾವೇ ಕೊಡಬೇಕು. ಪುಟದ ರೂಪ ಹೇಳುವ ಸಿಎಸ್‌ಎಸ್‌ನ ಮೂವತ್ತು-ನಲವತ್ತು ಸಾಲಿನಲ್ಲಿ ಮುಗಿಯುವ ಕೆಲಸ ಅದು. ಮುಂದೆ ಫೈಲಿನ ಹೆಸರು, ನಿಯಮಗಳ ಹೆಸರನ್ನೆಲ್ಲ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಿ.

ಮೊದಲು, ತಿದ್ದುಪಡಿಯನ್ನು ಎಲ್ಲಿ ಬರೆಯಬೇಕು ಎನ್ನುವುದು. ಥೀಮಿನ ಫೋಲ್ಡರಿನೊಳಗೆ ಒಂದಕ್ಷರವನ್ನೂ ಮುಟ್ಟಬಾರದು. ಹ್ಯೂಗೊ ಪುಟ ಕಟ್ಟುವಾಗ ಪ್ರತಿಯೊಂದು ಫೈಲನ್ನೂ ಮೊದಲು ನಿಮ್ಮ ಸೈಟಿನ ಫೋಲ್ಡರಿನಲ್ಲಿ ಹುಡುಕುತ್ತದೆ, ಸಿಗದಿದ್ದರೆ ಮಾತ್ರ ಥೀಮಿಗೆ ಹೋಗುತ್ತದೆ. ಥೀಮಿನ ಲೇಔಟ್ಸ್ ಫೋಲ್ಡರಿನಲ್ಲಿರುವ ಯಾವುದೇ ಫೈಲನ್ನು ನಿಮ್ಮ ಸೈಟಿನ ಲೇಔಟ್ಸ್ ಫೋಲ್ಡರಿಗೆ ಅದೇ ದಾರಿಯಲ್ಲಿ, ಅದೇ ಹೆಸರಿನಲ್ಲಿ ನಕಲು ಮಾಡಿಟ್ಟರೆ ನಿಮ್ಮದೇ ಗೆಲ್ಲುತ್ತದೆ. ಸಿಎಸ್‌ಎಸ್‌ಗಂತೂ ಅಷ್ಟೂ ಬೇಡ. ಸೈಟಿನಲ್ಲಿ ಅಸೆಟ್ಸ್, ಅದರೊಳಗೆ ಸಿಎಸ್‌ಎಸ್, ಅದರೊಳಗೆ ಎಕ್ಸ್‌ಟೆಂಡೆಡ್ ಎಂಬ ಫೋಲ್ಡರ್ ಮಾಡಿ ಅಲ್ಲಿ ನಿಮ್ಮದೊಂದು ಸಿಎಸ್‌ಎಸ್ ಫೈಲ್ ಇಡಿ. ಪೇಪರ್‌ಮಾಡ್ ಅದನ್ನು ತಾನಾಗಿಯೇ ಎತ್ತಿಕೊಳ್ಳುತ್ತದೆ. ತಲೆಯ ಭಾಗಕ್ಕೆ ಏನಾದರೂ ಸೇರಿಸಬೇಕಾದರೆ ಪಾರ್ಷಿಯಲ್ಸ್ ಫೋಲ್ಡರಿನಲ್ಲಿ ಎಕ್ಸ್‌ಟೆಂಡ್_ಹೆಡ್ ಎಂಬ ಖಾಲಿ ಫೈಲನ್ನು ಇದಕ್ಕೆಂದೇ ಬಿಟ್ಟಿದ್ದಾರೆ. ಅದರ ನಕಲು ಮಾಡಿಕೊಂಡು ನಿಮ್ಮದನ್ನು ಬರೆಯಿರಿ. ಟೆಂಪ್ಲೇಟ್ ಫೈಲುಗಳನ್ನು ನಕಲು ಮಾಡುವಾಗ ಕೈ ಬಿಗಿ ಹಿಡಿಯಿರಿ. ಎಷ್ಟು ಫೈಲು ನಕಲು ಮಾಡುತ್ತೀರೋ ಅಷ್ಟಕ್ಕೂ ಥೀಮಿನ ಮುಂದಿನ ಸುಧಾರಣೆಗಳು ಬಂದು ಸೇರುವುದಿಲ್ಲ. ನಿಮ್ಮಂಥ ಸೈಟಿಗೆ ಪುಟದ ಅಡಿಭಾಗದ (ಫೂಟರ್) ಫೈಲೊಂದು ಸಾಕಾಗಬಹುದು.

ಖಾಲಿ ಪುಟದ ಕಾರಣವೂ ಇದೇ ಫೋಲ್ಡರಿನಲ್ಲಿದೆ. ಥೀಮನ್ನು ಗಿಟ್ ಕ್ಲೋನ್ ಮಾಡಿ ಒಳಗೆ ಇಟ್ಟಿದ್ದೀರಿ ಎಂದು ತೋರುತ್ತದೆ. ಒಂದು ಗಿಟ್ ಕಡತದೊಳಗೆ (ರೆಪಾಸಿಟರಿಯೊಳಗೆ) ಇನ್ನೊಂದು ಗಿಟ್ ಕಡತ ಇದ್ದರೆ, ಮೇಲಕ್ಕೆ ಏರಿಸುವಾಗ ಒಳಗಿನದರ ಗುರುತು ಮಾತ್ರ ಹೋಗುತ್ತದೆ, ಫೈಲುಗಳು ಹೋಗುವುದಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಎಲ್ಲ ಸರಿ ಕಾಣುತ್ತದೆ, ಸರ್ವರಿನಲ್ಲಿ ಥೀಮಿನ ಫೋಲ್ಡರ್ ಬರಿದಾಗಿರುತ್ತದೆ. ಆ ಫೋಲ್ಡರ್ ತೆಗೆದು, ಗಿಟ್ ಸಬ್‌ಮಾಡ್ಯೂಲ್ ಆಗಿ, ಅಂದರೆ ಒಳಗಿನ ಕಡತವನ್ನು ಎಲ್ಲಿಂದ ತರಬೇಕೆಂಬ ಗುರುತಿನ ಸಮೇತ, ಸೇರಿಸಿ. ಏರಿಸಿದ ಕೂಡಲೇ ತಾನಾಗಿ ಕಟ್ಟುವ ಗಿಟ್‌ಹಬ್ ಆಕ್ಷನ್ಸ್ ಬಳಸುವುದಾದರೆ ಅದರ ವರ್ಕ್‌ಫ್ಲೋ ಫೈಲಿನ ಚೆಕ್‌ಔಟ್ ಹಂತದಲ್ಲಿ ಸಬ್‌ಮಾಡ್ಯೂಲ್ಸ್ ತರಬೇಕೆಂಬ ಸಾಲು ಇದೆಯೇ ನೋಡಿ. ಅದೇ ಫೈಲಿನಲ್ಲಿ ಹ್ಯೂಗೊ ಆವೃತ್ತಿಯ ಸಂಖ್ಯೆಯೂ ಇರುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿರುವುದೂ ಅದೂ ಒಂದೇ ಇರಲಿ. 2025ರಲ್ಲಿ ಬಂದ 0.146ನೇ ಆವೃತ್ತಿಯಲ್ಲಿ ಹ್ಯೂಗೊ ತನ್ನ ಟೆಂಪ್ಲೇಟ್ ಫೋಲ್ಡರುಗಳ ವ್ಯವಸ್ಥೆಯನ್ನೇ ಬದಲಿಸಿತು. ಈಗಿನ ಪೇಪರ್‌ಮಾಡ್‌ಗೆ ಅಲ್ಲಿಂದ ಮುಂದಿನ ಹ್ಯೂಗೊ ಬೇಕು. ಉಬುಂಟುವಿನ ಆಪ್ಟ್ ಮೂಲಕ ಹಾಕಿಕೊಂಡರೆ ಬಹಳ ಸಲ ಹಳೆಯದೇ ಬರುತ್ತದೆ, ಆದ್ದರಿಂದ ಹ್ಯೂಗೊದವರ ಬಿಡುಗಡೆ ಪುಟದಿಂದಲೇ ಇಳಿಸಿಕೊಳ್ಳಿ.

ಖಾಲಿ ಪುಟ ಹೋಗಿ, ಬಣ್ಣವಿಲ್ಲ ಅಳತೆಯಿಲ್ಲ ಎನ್ನುವಂಥ ಬರೀ ಅಕ್ಷರದ ಪುಟ ಬಂದರೆ ಅದು ಬೇಸ್ ಯುಆರ್‌ಎಲ್ (ಸೈಟಿನ ಮೂಲ ವಿಳಾಸ) ತಪ್ಪಿದ ಲಕ್ಷಣ. ಗಿಟ್‌ಹಬ್ ಪೇಜಸ್‌ನಲ್ಲಿ ಪ್ರಾಜೆಕ್ಟ್ ಸೈಟಿನ ವಿಳಾಸದ ಕೊನೆಗೆ ಕಡತದ ಹೆಸರೂ ಸೇರುತ್ತದೆ. ಸೈಟಿನ ಸೆಟ್ಟಿಂಗ್‌ಗಳಿರುವ ಸಂರಚನಾ ಫೈಲಿನಲ್ಲಿ ಆ ಪೂರ್ತಿ ವಿಳಾಸವನ್ನು ಕೊನೆಯ ಓರೆಗೆರೆಯ ಸಮೇತ ಬರೆಯಿರಿ.

ಈಗ ಅಳತೆಯ ವಿಷಯ. ಇಂಗ್ಲಿಷ್ ಅಕ್ಷರಕ್ಕೆ ಕೆಳಗೆ ಇಳಿಯುವುದು ಸಣ್ಣ ಬಾಲ ಮಾತ್ರ. ಕನ್ನಡದಲ್ಲಿ ಮೇಲೆ ಗುಣಿತದ ಚಿಹ್ನೆ, ಕೆಳಗೆ ಒತ್ತು, ಕೆಲವೆಡೆ ಒತ್ತಿನ ಕೆಳಗೆ ಇನ್ನೊಂದು ಒತ್ತು. ‘ರಾಷ್ಟ್ರ’, ‘ಸ್ತ್ರೀ’, ‘ವೈಶಿಷ್ಟ್ಯ’ ಎಂದು ಬರೆದು ನೋಡಿ, ಒಂದು ಸಾಲಿಗೆ ಎಷ್ಟು ಎತ್ತರ ಬೇಕೆಂದು ತಿಳಿಯುತ್ತದೆ. ಥೀಮಿನಲ್ಲಿ ಶೀರ್ಷಿಕೆಗಳ ಲೈನ್-ಹೈಟ್ (ಸಾಲಿನ ಎತ್ತರ) 1.2ರ ಆಸುಪಾಸಿನಲ್ಲಿರುತ್ತದೆ. ಇಂಗ್ಲಿಷ್ ಶೀರ್ಷಿಕೆ ಒಂದೇ ಸಾಲಿನಲ್ಲಿ ಮುಗಿಯುವುದರಿಂದ ಅಲ್ಲಿ ದೋಷ ಗೊತ್ತಾಗುವುದಿಲ್ಲ. ಕನ್ನಡದ ಪದಗಳು ಉದ್ದ. 360 ಪಿಕ್ಸೆಲ್ ಅಗಲದ ಫೋನಿನಲ್ಲಿ ‘ಕರ್ನಾಟಕದ ಬಿದರಿ ಕಲೆಯ ವೈಶಿಷ್ಟ್ಯಗಳು’ ಎರಡು ಸಾಲಿಗೆ ಒಡೆಯುತ್ತದೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಬಂದು ಕೂರುತ್ತದೆ. ಶೀರ್ಷಿಕೆಗೆ 1.45, ಮೈಬರಹಕ್ಕೆ 1.8 ಕೊಡಿ. ನನ್ನ ಕಣ್ಣಿಗೆ ಮೈಬರಹ 1.7ಕ್ಕಿಂತ ಕಡಿಮೆಯಾದರೆ ಕನ್ನಡದಲ್ಲಿ ಎರಡು ಪ್ಯಾರಾ ಓದುವಷ್ಟರಲ್ಲಿ ದಣಿವಾಗುತ್ತದೆ. ಒತ್ತಕ್ಷರದ ತುದಿ ಕತ್ತರಿಸಿ ಹೋಗುವುದು ಮುಖಪುಟದ ಪಟ್ಟಿಯಲ್ಲಿ ಇರಬೇಕು. ಅಲ್ಲಿ ಸಾರಾಂಶವನ್ನು ಎರಡು ಸಾಲಿಗೆ ಮೊಟಕು ಮಾಡಿ ಉಳಿದದ್ದನ್ನು ಮರೆಮಾಡುವ ನಿಯಮವಿದೆ. ಆ ಪೆಟ್ಟಿಗೆಯ ಲೈನ್-ಹೈಟ್ ಹೆಚ್ಚಿಸಿ, ಕೆಳಗಿನ ಪ್ಯಾಡಿಂಗ್ ಒಂದಿಷ್ಟು ಸೇರಿಸಿ. ಅಲ್ಲಿ ಅಕ್ಷರದ ಗಾತ್ರವೂ 14 ಪಿಕ್ಸೆಲ್ ಇರುತ್ತದೆ; ಕನ್ನಡದ ಒತ್ತುಗಳಿಗೆ ಅದು ತೀರ ಸಣ್ಣದು, 16 ಮಾಡಿ.

ಲೆಟರ್-ಸ್ಪೇಸಿಂಗ್ (ಅಕ್ಷರಗಳ ನಡುವಿನ ಅಂತರ) ಎಲ್ಲಿದ್ದರೂ ಸೊನ್ನೆ ಮಾಡಿ. ಸರಳ ಥೀಮುಗಳು ದೊಡ್ಡ ಶೀರ್ಷಿಕೆಯ ಅಕ್ಷರಗಳನ್ನು ಸ್ವಲ್ಪ ಒತ್ತೊತ್ತಾಗಿ ತರುವುದುಂಟು. ಇಂಗ್ಲಿಷಿಗೆ ಅದು ಬಿಗಿಯಾಗಿ ಒಪ್ಪುತ್ತದೆ, ಕನ್ನಡದಲ್ಲಿ ಪಕ್ಕದ ಅಕ್ಷರದ ದೀರ್ಘದ ಮೇಲೆ ಒತ್ತು ಏರಿ ಕೂರುತ್ತದೆ. ಇಟಾಲಿಕ್ ಕೂಡ ಹಾಗೆಯೇ. ಬಹುತೇಕ ಕನ್ನಡ ಫಾಂಟುಗಳಿಗೆ ಓರೆ ರೂಪವಿಲ್ಲ, ಟಿರೊ ಕನ್ನಡದಂಥ ಕೆಲವಕ್ಕೆ ಮಾತ್ರ ಇದೆ. ಇಲ್ಲದ ಕಡೆ ಬ್ರೌಸರ್ ನೆಟ್ಟಗಿನ ಅಕ್ಷರವನ್ನೇ ವಾಲಿಸಿ ತೋರಿಸುತ್ತದೆ, ನೋಡಲು ಕಣ್ಣಿಗೆ ಕಷ್ಟ. ಎದ್ದು ಕಾಣಬೇಕಾದ ಪದಕ್ಕೆ ಫಾಂಟ್-ಸ್ಟೈಲ್ ನಾರ್ಮಲ್ ಮಾಡಿ, ತೂಕವನ್ನು 600ಕ್ಕೆ ಏರಿಸಿ. ಅದಕ್ಕೂ ಆ ತೂಕದ ಫಾಂಟ್ ನಿಜವಾಗಿ ಇರಬೇಕು. ಇಲ್ಲದಿದ್ದರೆ ಬ್ರೌಸರ್ ಅಕ್ಷರದ ಸುತ್ತ ಮಸಿ ಬಳಿದಂತೆ ದಪ್ಪ ಮಾಡುತ್ತದೆ, ‘ಷ’, ‘ಘ’ಗಳ ಒಳಗಿನ ಜಾಗ ಮುಚ್ಚಿಹೋಗುತ್ತದೆ. ಬರಹವನ್ನು ಎರಡೂ ಅಂಚಿಗೆ ಹೊಂದಿಸುವ ಜಸ್ಟಿಫೈ ಬೇಡವೇ ಬೇಡ. ಉದ್ದ ಪದಗಳ ನಮ್ಮ ಭಾಷೆಯಲ್ಲಿ ಸಾಲಿಗೆ ಮೂರೇ ಪದ ಬಿದ್ದಾಗ ನಡುವೆ ಕಿಟಕಿಯಷ್ಟು ಕಂಡಿ ಬೀಳುತ್ತದೆ.

ಫಾಂಟಿನ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಮೊದಲು ಓದುಗರ ಯಂತ್ರದಲ್ಲಿ ಇರುವುದನ್ನೇ ಬಳಸಿ. ಆಂಡ್ರಾಯ್ಡ್ ಫೋನುಗಳಲ್ಲಿ ನೋಟೊ ಸಾನ್ಸ್ ಕನ್ನಡ ಇರುತ್ತದೆ, ವಿಂಡೋಸ್ 8ರಿಂದೀಚೆಗೆ ನಿರ್ಮಲಾ ಯುಐ ಇದೆ, ಅದಕ್ಕೂ ಹಳೆಯದರಲ್ಲಿ ತುಂಗಾ, ಆಪಲ್ ಯಂತ್ರಗಳಲ್ಲಿ ಕನ್ನಡ ಸಂಗಮ್ ಎಂಎನ್. ಈ ಹೆಸರುಗಳನ್ನು ಫಾಂಟ್-ಫ್ಯಾಮಿಲಿಯಲ್ಲಿ ಸಾಲಾಗಿ ಬರೆದರೆ ಸಾಕು, ಒಂದು ಕಿಲೊಬೈಟೂ ಇಳಿಸಬೇಕಾಗುವುದಿಲ್ಲ. ಔರಾದ್ ಕಡೆಯ ಹಳ್ಳಿಯಲ್ಲಿ ಸಿಗ್ನಲ್ ಒಂದೇ ಕಡ್ಡಿ ಇದ್ದರೂ ನಿಮ್ಮ ಪುಟ ತೆರೆಯಬೇಕಲ್ಲ. ಕಾಕಾ ಅವರ ಹೆಸರು, ಶೀರ್ಷಿಕೆಗಳಿಗೆ ಮಾತ್ರ ಬೇರೆ ಸೊಗಸು ಬೇಕೆನಿಸಿದರೆ ಅನೇಕ್ ಕನ್ನಡ ಚೆನ್ನಾಗಿದೆ. ಒಂದೇ ಫೈಲಿನಲ್ಲಿ ಎಲ್ಲ ತೂಕಗಳೂ ಬರುತ್ತವೆ, ಉಚಿತ ಪರವಾನಗಿಯದು. ಅದನ್ನು ನಿಮ್ಮ ಸೈಟಿನಲ್ಲೇ ವೆಬ್‌ಗೆಂದು ಕುಗ್ಗಿಸಿದ ವೊಫ್2 ರೂಪದಲ್ಲಿ ಇಟ್ಟುಕೊಳ್ಳಿ.

ಹೀಗೆ ಇಟ್ಟುಕೊಳ್ಳುವಾಗ ಒಂದು ಎಚ್ಚರ. ಫಾಂಟನ್ನು ಯಾವ ಅಕ್ಷರಗಳಿಗೆ ಬಳಸಬೇಕೆಂದು ಹೇಳುವ ಯೂನಿಕೋಡ್-ರೇಂಜ್ ನಿಯಮದಲ್ಲಿ ಕನ್ನಡದ 0ಸಿ80ರಿಂದ 0ಸಿಎಫ್‌ಎಫ್‌ವರೆಗಿನದನ್ನು ಮಾತ್ರ ಬರೆದು ಬಿಡುತ್ತಾರೆ. 200ಸಿ, 200ಡಿ ಎಂಬ ಎರಡು ಕಾಣದ ಅಕ್ಷರಗಳನ್ನೂ, ರೂಪಾಯಿ ಚಿಹ್ನೆಯ 20ಬಿ9 ಅನ್ನೂ ಸೇರಿಸಿ. ‘ಬೀದರ್‌ನಲ್ಲಿ’ ಎಂದು ಬರೆಯುವಾಗ ರ್ ಮತ್ತು ನ ನಡುವೆ ಆ 200ಸಿ ಕೂತಿರುತ್ತದೆ. ಅದಿಲ್ಲದಿದ್ದರೆ ‘ಬೀದರ್ನಲ್ಲಿ’ ಎಂದು ಅರ್ಕಾವತ್ತಾಗಿ ತಿರುಗುತ್ತದೆ. ಊರಿನ ಹೆಸರೇ ಪುಟಕ್ಕೆ ಹತ್ತು ಸಲ ಬರುವ ಸೈಟು ನಿಮ್ಮದು, ಆದ್ದರಿಂದ ಇದನ್ನು ಕಣ್ಣಿಟ್ಟು ನೋಡಿ. ಇನ್ನು ಗಾತ್ರ ಇಳಿಸಲೆಂದು ಫಾಂಟನ್ನು ಕತ್ತರಿಸಿಕೊಡುವ ಸಾಧನಗಳಲ್ಲಿ ಕೆಲವು ಅಕ್ಷರ ಜೋಡಣೆಯ ಕೋಷ್ಟಕಗಳನ್ನೂ ಕಿತ್ತುಬಿಡುತ್ತವೆ. ಆಗ ಒತ್ತುಗಳು ಬಿಚ್ಚಿಕೊಂಡು ಹಲಂತದ ಸಾಲಾಗಿ ಕಾಣುತ್ತವೆ. ‘ಕ್ಷ, ಜ್ಞ, ಸ್ತ್ರೀ, ಕೃಷ್ಣ, ಅರ್ಘ್ಯ, ಬೀದರ್‌ನ’ ಎಂಬ ಒಂದು ಪರೀಕ್ಷಾ ಪುಟ ಡ್ರಾಫ್ಟಾಗಿ ಇಟ್ಟುಕೊಳ್ಳಿ. ಫಾಂಟ್ ಮುಟ್ಟಿದಾಗಲೆಲ್ಲ ಅದನ್ನೊಮ್ಮೆ ತೆರೆದರೆ ಸಾಕು.

ಕರಪತ್ರದ ಫೈಲು ನುಡಿ ಅಥವಾ ಶ್ರೀಲಿಪಿಯ ಹಳೆಯ ಪದ್ಧತಿಯಲ್ಲಿ ಟೈಪಾಗಿದೆ. ಅಲ್ಲಿ ಇಂಗ್ಲಿಷ್ ಅಕ್ಷರದ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸಿರುತ್ತಾರೆ, ಆ ಫಾಂಟ್ ಇಲ್ಲದ ಕಡೆ ಕೆಳಗಿನ ಸಂಕೇತ ಬಯಲಾಗುತ್ತದೆ. ಆ ಫಾಂಟನ್ನೇ ಸೈಟಿಗೆ ಹಾಕಿ ಕೆಲಸ ಮುಗಿಸುವ ಯೋಚನೆ ಬಂದರೆ ಬಿಟ್ಟುಬಿಡಿ. ಹುಡುಕಿದವರಿಗೆ ಸಿಗದು, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಓದದು, ಯಾರೂ ನಕಲು ಮಾಡಿಕೊಳ್ಳಲಾಗದು. ಯೂನಿಕೋಡ್ ಪರಿವರ್ತಕದಲ್ಲಿ ಹಾಕಿ ತೆಗೆದು, ಆಮೇಲೆ ಕೂತು ಓದಿ. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಇಡುತ್ತಿದ್ದರು, ಯೂನಿಕೋಡಿನಲ್ಲಿ ಉಚ್ಚರಿಸುವಂತೆ ರ್ ಮೊದಲು ಬರಬೇಕು. ಪರಿವರ್ತಕಗಳು ಹೆಚ್ಚು ಎಡವುವುದು ಇಲ್ಲೇ, ಮತ್ತು ಮೇಲೆ ಹೇಳಿದ ಆ ಕಾಣದ 200ಸಿಯಲ್ಲಿ.

ಉರ್ದುವಿಗೆ ಬರೋಣ. ಬೀದರ್‌ನಲ್ಲಿ ಈ ಎರಡು ಲಿಪಿ ಒಂದೇ ಅಂಗಡಿಯ ಬೋರ್ಡಿನ ಮೇಲೆ ಇರುವಾಗ ಸೈಟಿನಲ್ಲೂ ಇರಬೇಕೆಂದು ನೀವು ಹೊರಟಿರುವುದು ನನಗೆ ತುಂಬ ಹಿಡಿಸಿತು, ಅದಕ್ಕೇ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಸಂರಚನಾ ಫೈಲಿನಲ್ಲಿ ಎರಡು ಭಾಷೆಗಳನ್ನು ಬೇರೆ ಬೇರೆ ಘೋಷಿಸಿ, ಉರ್ದುವಿಗೆ ದಿಕ್ಕನ್ನು ಬಲದಿಂದ ಎಡಕ್ಕೆ ಎಂದು ಕೊಡಿ. ಆದರೆ ದಿಕ್ಕು ಘೋಷಿಸಿದ ಮಾತ್ರಕ್ಕೆ ಪುಟ ಪೂರ್ತಿ ತಿರುಗುವುದಿಲ್ಲ. ಸಿಎಸ್‌ಎಸ್‌ನಲ್ಲಿ ಎಲ್ಲೆಲ್ಲಿ ‘ಎಡ’, ‘ಬಲ’ ಎಂದು ಬರೆದಿದೆಯೋ ಅವೆಲ್ಲ ಅಲ್ಲೇ ಉಳಿಯುತ್ತವೆ. ಹಾಗೆ ಬರೆದಿದ್ದರೆ ಉಲ್ಲೇಖದ ಪಕ್ಕದ ಗೆರೆ ಎಡದಲ್ಲೇ, ಪಟ್ಟಿಯ ಚುಕ್ಕೆಯ ಜಾಗವೂ ಎಡದಲ್ಲೇ. ನಿಮ್ಮ ಫೈಲಿನಲ್ಲಿ ಮಾರ್ಜಿನ್-ಲೆಫ್ಟ್ ಬದಲು ಮಾರ್ಜಿನ್-ಇನ್‌ಲೈನ್-ಸ್ಟಾರ್ಟ್, ಬಾರ್ಡರ್-ಲೆಫ್ಟ್ ಬದಲು ಬಾರ್ಡರ್-ಇನ್‌ಲೈನ್-ಸ್ಟಾರ್ಟ್ ಬಳಸಿ. ‘ಸ್ಟಾರ್ಟ್’ ಎಂದರೆ ಆ ಭಾಷೆಯ ಸಾಲು ಶುರುವಾಗುವ ಬದಿ. ಕನ್ನಡದಲ್ಲಿ ಎಡ, ಉರ್ದುವಿನಲ್ಲಿ ಬಲ. ಒಂದೇ ನಿಯಮ ಎರಡಕ್ಕೂ ನಡೆಯುತ್ತದೆ. ಮುಂದಿನ ಪುಟ, ಹಿಂದಿನ ಪುಟದ ಬಾಣಗಳು ಸರಿಯಾದ ದಿಕ್ಕಿಗೆ ತಿರುಗಿವೆಯೇ ಎಂದು ನೋಡಿಕೊಳ್ಳಿ.

ಉರ್ದು ಓದುಗರು ಬಯಸುವುದು ನಸ್ತಾಲೀಕ್ ಬರವಣಿಗೆ, ಅದು ಸಾಲಿನಲ್ಲಿ ಓರೆಯಾಗಿ ಇಳಿಯುತ್ತ ಹೋಗುತ್ತದೆ. ನಸ್ತಾಲೀಕ್ ಫಾಂಟ್ ಎಲ್ಲ ಫೋನುಗಳಲ್ಲೂ ಇರುವುದಿಲ್ಲ. ಇಲ್ಲದ ಕಡೆ ಅರಬ್ಬಿ ಮಾದರಿಯ ನಸ್ಖ್ ಅಕ್ಷರ ಬರುತ್ತದೆ. ಓದಬಹುದು, ಆದರೆ ಉರ್ದು ಪುಟವೆನಿಸುವುದಿಲ್ಲ. ಇಲ್ಲಿ ಮಾತ್ರ ಫಾಂಟ್ ಇಳಿಸುವ ಖರ್ಚು ಸಾರ್ಥಕ. ನೋಟೊ ನಸ್ತಾಲೀಕ್ ಉರ್ದು ಉಚಿತವಾಗಿ ಸಿಗುತ್ತದೆ. ಅದನ್ನು ಉರ್ದು ಭಾಷೆಯ ಪುಟಗಳಿಗೆ ಮಾತ್ರ ಅನ್ವಯಿಸುವಂತೆ ಬರೆಯಿರಿ, ಕನ್ನಡ ಪುಟ ತೆರೆದವರ ಫೋನು ಅದನ್ನು ಇಳಿಸಲು ಹೋಗುವುದಿಲ್ಲ. ಲೈನ್-ಹೈಟ್ 2.2ರಿಂದ ಶುರುಮಾಡಿ ಕಣ್ಣಿಗೆ ಸರಿಯೆನಿಸುವವರೆಗೆ ಹೊಂದಿಸಿ, ಕನ್ನಡದ 1.8 ಇದಕ್ಕೆ ಸಾಲದು. ಭಾಷೆ ಬದಲಿಸುವ ಕೊಂಡಿಯಲ್ಲಿ ಪ್ರತಿ ಭಾಷೆಯ ಹೆಸರು ಅದರದೇ ಲಿಪಿಯಲ್ಲಿರಲಿ. ಬರಹವನ್ನು ಯಂತ್ರದಿಂದ ಅನುವಾದ ಮಾಡಿಸಿ ಹಾಕಬೇಡಿ. ತಾರಕಶಿ ಎಂದರೆ ಬೆಳ್ಳಿ ತಂತಿ ಕೂಡಿಸುವುದು, ತೆಹ್‌ನಿಶಾನ್ ಎಂದರೆ ತಗಡು ಕೂಡಿಸುವುದು ಎಂಬ ವ್ಯತ್ಯಾಸ ಯಂತ್ರಕ್ಕೆ ಗೊತ್ತಿರುವ ನಂಬಿಕೆ ನನಗಿಲ್ಲ, ನಿಮ್ಮ ಕಾಕಾಗೆ ಗೊತ್ತಿದೆ. ಅವರು ಹೇಳಿದ್ದನ್ನೇ ಎರಡೂ ಭಾಷೆಯಲ್ಲಿ ಬರೆಯಿರಿ.

ಫೋಟೊಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಪೇಪರ್‌ಮಾಡ್ ಓದುಗರ ಫೋನಿನ ಇಚ್ಛೆಯಂತೆ ಕತ್ತಲೆ ಬಣ್ಣಕ್ಕೆ ತಿರುಗುತ್ತದೆ. ಬಿದರಿಯ ಮೈ ಕಪ್ಪು. ಸತು-ತಾಮ್ರದ ಎರಕವನ್ನು ಕೋಟೆಯ ಮಣ್ಣು, ನವಸಾಗರ ಹಾಕಿ ಕರಿ ಮಾಡುವುದೇ ಅದರ ಜೀವಾಳ, ಆ ಕರಿಯ ಮೇಲೇ ಬೆಳ್ಳಿ ಎದ್ದು ಕಾಣುವುದು. ಕಪ್ಪು ಹಿನ್ನೆಲೆಯ ಪುಟದಲ್ಲಿ ಹೂಜಿಯ ಅಂಚು ಎಲ್ಲಿ ಮುಗಿಯಿತೆಂದೇ ತಿಳಿಯದೆ ಬೆಳ್ಳಿ ಗೆರೆಗಳು ಗಾಳಿಯಲ್ಲಿ ತೇಲಿದಂತೆ ಕಾಣುತ್ತವೆ. ಡಿಫಾಲ್ಟ್‌ಥೀಮ್ ಅನ್ನು ಲೈಟ್ ಮಾಡಿ, ಬದಲಿಸುವ ಗುಂಡಿಯನ್ನು ತೆಗೆದುಬಿಡಿ. ಹಿನ್ನೆಲೆ ಅಪ್ಪಟ ಬಿಳಿ ಬೇಡ, ತುಸು ಬೂದು ಬೆರೆತ ಬಿಳಿ ಇದ್ದರೆ ಬೆಳ್ಳಿಯ ಹೊಳಪಿಗೂ ಜಾಗ ಇರುತ್ತದೆ. ಫೋನಿನಿಂದ ತೆಗೆದ ಚಿತ್ರ ಹಲವು ಮೆಗಾಬೈಟ್ ಇರುತ್ತದೆ, ಹಾಗೇ ಏರಿಸಬೇಡಿ. ಪ್ರತಿ ವಸ್ತುವಿಗೂ ಒಂದು ಫೋಲ್ಡರ್, ಅದರಲ್ಲಿ ಇಂಡೆಕ್ಸ್ ಫೈಲು, ಪಕ್ಕದಲ್ಲೇ ಚಿತ್ರ ಎಂದು ಇಟ್ಟುಕೊಂಡರೆ ಅವನ್ನು 1000 ಪಿಕ್ಸೆಲ್ ಅಗಲದ ವೆಬ್‌ಪಿ ಮಾಡುವ ಸಾಮರ್ಥ್ಯ ಹ್ಯೂಗೊಗೇ ಇದೆ. ಚಿತ್ರ ಕಾಣದವರಿಗಾಗಿ ಬರೆಯುವ ಆಲ್ಟ್ ಬರಹದಲ್ಲಿ ‘ಫೋಟೊ 3’ ಎನ್ನದೆ ‘ತಾರಕಶಿ ಬಳ್ಳಿಯ ಬಿದರಿ ಹೂದಾನಿ’ ಎಂದು ಬರೆಯಿರಿ.

ಉಳಿದ ಸೆಟ್ಟಿಂಗ್‌ಗಳು ಬೇಗ ಮುಗಿಯುತ್ತವೆ. ಹೊಸ ಸೈಟಿನಲ್ಲಿ ಭಾಷಾ ಸಂಕೇತ ಅಮೆರಿಕದ ಇಂಗ್ಲಿಷ್ ಎಂದೇ ಬರುತ್ತದೆ. ಅಲ್ಲೂ, ಭಾಷೆಗಳನ್ನು ಘೋಷಿಸುವಾಗ ಕೊಡುವ ಹೆಸರಿನಲ್ಲೂ ಕನ್ನಡದ ಸಂಕೇತ ಹಾಕಿ. ಸ್ಕ್ರೀನ್ ರೀಡರ್ ಯಾವ ದನಿಯಲ್ಲಿ ಓದಬೇಕೆಂದು ಆರಿಸುವುದು ಇದನ್ನು ನೋಡಿ, ತಿಂಗಳ ಹೆಸರು ಕನ್ನಡದಲ್ಲಿ ಬರುವುದೂ ಇದರಿಂದಲೇ. ‘ಮುಂದೆ’, ‘ಹಿಂದೆ’, ‘ಪರಿವಿಡಿ’ಯಂಥ ಪದಗಳು ಥೀಮಿನ ಐ18ಎನ್ ಫೋಲ್ಡರಿನಿಂದ ಬರುತ್ತವೆ, ನಿಮ್ಮ ಸೈಟಿನಲ್ಲೂ ಅದೇ ಹೆಸರಿನ ಫೋಲ್ಡರ್ ಮಾಡಿ ಕನ್ನಡದ, ಉರ್ದುವಿನ ಫೈಲು ಇಟ್ಟರೆ ಅವು ನಿಮ್ಮ ಮಾತಿನಲ್ಲೇ ಬರುತ್ತವೆ. ಓದಲು ಬೇಕಾದ ನಿಮಿಷ ತೋರಿಸುವುದನ್ನು ನಿಲ್ಲಿಸಿ. ಹ್ಯೂಗೊ ನಿಮಿಷಕ್ಕೆ 213 ಪದ ಎಂದು ಲೆಕ್ಕ ಹಾಕುತ್ತದೆ, ಉದ್ದ ಪದಗಳ ಕನ್ನಡಕ್ಕೆ ಆ ಲೆಕ್ಕ ಹೊಂದುವುದಿಲ್ಲ. ಹುಡುಕುವ ಪೆಟ್ಟಿಗೆ, ಟ್ಯಾಗುಗಳು, ಹಂಚುವ ಗುಂಡಿಗಳು ಹದಿನೈದು ಪುಟಕ್ಕೆ ಬೇಡ. ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ, ಯಾಕೆಂದರೆ ವಿಳಾಸದಲ್ಲಿ ಕನ್ನಡದ ಒಂದೊಂದು ಸಂಕೇತವೂ ಒಂಬತ್ತು ಚಿಹ್ನೆಗಳಾಗಿ ಬಿಚ್ಚಿಕೊಂಡು ವಾಟ್ಸಾಪಿನಲ್ಲಿ ಕಳಿಸಿದ ಕೊಂಡಿ ನಾಲ್ಕು ಸಾಲು ಉದ್ದವಾಗಬಹುದು. ವಿಳಾಸದಿಂದ ಸ್ವರಚಿಹ್ನೆ ತೆಗೆಯುವ ರಿಮೂವ್‌ಪಾತ್‌ಆಕ್ಸೆಂಟ್ಸ್ ಎಂಬ ಸೆಟ್ಟಿಂಗ್ ಕಂಡರೆ ಅದನ್ನು ಆನ್ ಮಾಡಬೇಡಿ, ಕನ್ನಡದ ಗುಡಿಸು, ಹಲಂತಗಳನ್ನೂ ಅದು ಕಿತ್ತುಹಾಕುತ್ತದೆ.

ಮುಂದೆ ನಿಮಗೆ ಖಂಡಿತ ಎದುರಾಗುವ ಒಂದು ತೊಡಕನ್ನು ಈಗಲೇ ಹೇಳಿಬಿಡುತ್ತೇನೆ. ಬೆಳಿಗ್ಗೆ ಹತ್ತು ಗಂಟೆಗೆ ಹೊಸ ಪುಟ ಬರೆದು ಆ ಸಮಯವನ್ನೇ ಹಾಕಿ ಏರಿಸುತ್ತೀರಿ, ಪುಟ ಕಾಣುವುದೇ ಇಲ್ಲ. ಸಮಯ ವಲಯ ಹೇಳದಿದ್ದರೆ ಹ್ಯೂಗೊ ಅದನ್ನು ಜಾಗತಿಕ ಪ್ರಮಾಣ ಸಮಯವೆಂದು ತಿಳಿಯುತ್ತದೆ. ನಮ್ಮಲ್ಲಿ ಅದು ಮಧ್ಯಾಹ್ನ ಮೂರೂವರೆ. ಇನ್ನೂ ಬಾರದ ಸಮಯದ ಪುಟವನ್ನು ಅದು ಪ್ರಕಟಿಸುವುದಿಲ್ಲ. ಸಂರಚನಾ ಫೈಲಿನಲ್ಲಿ ಟೈಮ್‌ಝೋನ್ ಅನ್ನು ಏಷ್ಯಾ/ಕೋಲ್ಕತಾ ಎಂದು ಒಮ್ಮೆ ಬರೆದಿಡಿ. ಆಮೇಲೂ ಪುಟ ಕಾಣದಿದ್ದರೆ ಅದರ ತಲೆಭಾಗದಲ್ಲಿ ಡ್ರಾಫ್ಟ್ ‘ಟ್ರೂ’ ಎಂದೇ ಉಳಿದಿರುತ್ತದೆ, ‘ಫಾಲ್ಸ್’ ಮಾಡಿ ಮತ್ತೆ ಏರಿಸಿ.